ಅಳಿಯನ ಓಟಿಪಿ ಮಾವನ ಜೇಬಿನಲ್ಲಿ

ಇತಿಹಾಸ ಓದಿಸುವವರೆಲ್ಲ ಇತಿಹಾಸ ಸೃಷ್ಟಿಸಬೇಕೆಂದೇನಿಲ್ಲ. ಆದರೆ ಕೂಡ್ಲಿಗಿಯ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕರಾಗಿದ್ದ ಕೊಟ್ರಸ್ವಾಮಿಯವರು ಆ ವರ್ಷ ಎರಡನ್ನೂ ಮಾಡಿಯೇ ತೀರುವುದೆಂದು ಸಂಕಲ್ಪ ತೊಟ್ಟರು. ತಮ್ಮ ಬಾಳಿನ ಪ್ರಪ್ರಥಮ ಆದಾಯ ತೆರಿಗೆ ರಿಟರ್ನನ್ನು ಯಾವ ಆಡಿಟರ ಹಂಗೂ ಇಲ್ಲದೆ, ಸ್ವಂತ ಬುದ್ಧಿಯಿಂದ, ಸ್ವಂತ ಲ್ಯಾಪ್‌ಟಾಪಿನಲ್ಲಿ ಸಲ್ಲಿಸುವುದು!

ಅಲ್ಲಿಯತನಕ ಅವರು ಅತಿಥಿ ಉಪನ್ಯಾಸಕರು. ಅತಿಥಿ ಅಂದರೆ, ಬಾ ಎನ್ನುವವರೂ ಇಲ್ಲ, ಉಂಡು ಹೋಗು ಎನ್ನುವವರೂ ಇಲ್ಲ, ಆ ಜಾತಿಯ ಅತಿಥಿ. ಅವರ ಸಂಬಳದ ಕಡೆಗೆ ಆದಾಯ ತೆರಿಗೆ ಇಲಾಖೆ ತಿರುಗಿಯೂ ನೋಡಿರಲಿಲ್ಲ. ಈಗ ನೌಕರಿ ಕಾಯಂ ಆಗಿತ್ತು. ರಿಟರ್ನ್ ಹಾಕಲೇಬೇಕು, ತಪ್ಪಿದರೆ ದಂಡ ಎಂದು ಕಾಲೇಜಿನ ಆಫೀಸಿನವರು ಹೇಳಿದ ದಿನ ಕೊಟ್ರಸ್ವಾಮಿಯವರ ಎದೆ ಎರಡು ಇಂಚು ಹಿಗ್ಗಿತು. ದೇಶಕ್ಕೆ ತಮ್ಮ ಅಗತ್ಯ ಬಿದ್ದಿದೆ!

“ಸರ, ನಾನು ಕೊಟ್ಟೂರಿನ ಆಡಿಟರಿಗೆ ಕೊಟ್ಟು ಕೈ ತೊಳಕೊಂಡೀನ್ರಿ. ನೀವೂ ಕೊಟ್ಟುಬಿಡ್ರಿ” ಎಂದು ಸಹೋದ್ಯೋಗಿ ಮರುಳಪ್ಪ ಸಲಹೆ ಕೊಟ್ಟರು.

“ಮರುಳಪ್ಪನವರ, ಮೌರ್ಯರ ಆರನೇ ಒಂದು ಪಾಲಿನಿಂದ ಮರಾಠರ ಚೌಥದ ತನಕ ಎಲ್ಲಾ ತೆರಿಗಿ ಪಾಠ ಮಾಡಿದಾವ ನಾನು. ನನಗ ಆಡಿಟರ್ ಯಾಕ್ರಿ?”

“ಚೌಥ ಕೊಡಾಕ ಓಟಿಪಿ ಬೇಕಾಗಿದ್ದಿಲ್ರಿ ಸರ” ಎಂದು ಹೇಳಿ ಮರುಳಪ್ಪ ಚಹಾ ಕುಡಿಯಲು ಹೋದರು.

ಮಹಾಕಾರ್ಯಕ್ಕೆ ಮುಹೂರ್ತ ಬೇಕಲ್ಲ! ಈ ವಾರ ಪರೀಕ್ಷೆ, ಮುಂದಿನ ವಾರ ನೆಗಡಿ, ಅದರಾಚೆಯ ವಾರ ಅಮಾವಾಸ್ಯೆ ಎಂದು ಮುಂದೂಡುತ್ತ ಕೊನೆಗೆ ಮುಹೂರ್ತ ಕೂಡಿಬಂದದ್ದು ಕೊನೆಯ ದಿನಕ್ಕೆ. ಕೊಟ್ರಸ್ವಾಮಿಯವರು ರಜೆ ಹಾಕಿ, ಬೆಳಿಗ್ಗೆಯೇ ಮಿಂದು, ಲ್ಯಾಪ್‌ಟಾಪಿಗೆ ಊದುಬತ್ತಿ ಬೆಳಗಿ ಕೂತರು. ಹೆಂಡತಿ ಕೀರ್ತನಾ ಪಕ್ಕದಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

ಮೊದಲು ಹೆಸರು ನೋಂದಾಯಿಸಬೇಕಿತ್ತು. ಪರದೆಯ ಮೇಲೆ ಸೊಟ್ಟಸೊಟ್ಟ ಅಕ್ಷರಗಳು ಮೂಡಿದವು.

“ಇದೇನ್ರಿ ಇದು?”

“ನಾನು ಮನುಷ್ಯ ಹೌದೋ ಅಲ್ಲೋ ಅಂತ ಪರೀಕ್ಷಾ ಮಾಡತೈತಿ.”

“ಅಯ್ಯ! ಇಷ್ಟು ವರ್ಷದಿಂದ ನನಗಿರೋ ಅನುಮಾನ ಅದಕ್ಕ ಹೆಂಗ ಗೊತ್ತಾತ್ರಿ?”

ಕೊಟ್ರಸ್ವಾಮಿಯವರು ಕನ್ನಡಕವನ್ನು ಮೂಗಿಗೇರಿಸಿ ಪರದೆಗೆ ಇನ್ನಷ್ಟು ಹತ್ತಿರವಾದರು. ಮೂರನೆಯ ಯತ್ನದಲ್ಲಿ ತಾವು ಮನುಷ್ಯನೆಂದು ಸಾಬೀತುಪಡಿಸಿ ಪ್ಯಾನ್ ನಂಬರು ಒತ್ತಿದರು. ಪರದೆ ಕೆಂಪಾಯಿತು. ಈ ಪ್ಯಾನ್ ಈಗಾಗಲೇ ನೋಂದಣಿಯಾಗಿದೆ ಎಂದು ಬರೆದಿತ್ತು!

“ಕೀರ್ತೀ! ಯಾವನೋ ನನ್ನ ಹೆಸರಿನಾಗ ನನಗಿಂತ ಮೊದಲ ಒಳಗ ಹೋಗಿ ಕುಂತಾನ!”

ಕೀರ್ತನಾ ಮೊರ ಕೆಳಗಿಟ್ಟು, ಒಂದು ಗಳಿಗೆ ಯೋಚಿಸಿ, ಹಳೆಯ ಕತೆಯನ್ನು ನೆನಪಿಸಿದಳು. ಮದುವೆಯಾದ ವರ್ಷ ಹರಪನಹಳ್ಳಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅವರಿಗೆ ಪ್ಯಾನ್ ಕಾರ್ಡು ಮಾಡಿಸಿದಾಗ, ಅಂಗಡಿಯವನು “ಇದನ್ನೂ ಮಾಡಿರ್ತೀನ್ರಿ, ಮುಂದ ಬೇಕಾಗ್ತೈತಿ” ಎಂದು ತಾನೇ ಏನೇನೋ ಒತ್ತಿದ್ದ.

“ಪಾಸ್‌ವರ್ಡ್ ಅವನತ್ರ ಇರಬೇಕಲ್ಲ? ಅಂಗಡಿಗೆ ಫೋನ್ ಮಾಡೋಣು.”

“ಅಲ್ಲೀಗ ಬೇಕರಿ ಐತ್ರಿ. ಬನ್ನು ಸಿಗತಾವು, ಪಾಸ್‌ವರ್ಡ್ ಸಿಗಂಗಿಲ್ಲ.”

ಇನ್ನುಳಿದದ್ದು ಒಂದೇ ದಾರಿ. ಹೊಸ ಪಾಸ್‌ವರ್ಡ್ ಮಾಡಿಕೊಳ್ಳುವುದು. ಅದಕ್ಕೆ ಆಧಾರಿಗೆ ಜೋಡಿಸಿರುವ ಮೊಬೈಲಿಗೆ ಓಟಿಪಿ ಕಳಿಸುತ್ತೇವೆಂದಿತು ಇಲಾಖೆ. ಕೊಟ್ರಸ್ವಾಮಿಯವರು ಧಾರಾಳವಾಗಿ ಒಪ್ಪಿಗೆ ಒತ್ತಿ, ಮೇಜಿನ ಮೇಲಿದ್ದ ತಮ್ಮ ಫೋನಿನತ್ತ ಕಣ್ಣು ನೆಟ್ಟರು. ಫೋನು ಅನಂತಶಯನದಲ್ಲಿತ್ತು. ಓಟಿಪಿ ಹೋದ ನಂಬರಿನ ಕೊನೆಯ ಅಂಕಿಗಳನ್ನು ಪರದೆಯ ಮೇಲೆ ನೋಡಿದ ಕೀರ್ತನಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ರೀ… ಇದು ನಮ್ಮಪ್ಪನ ನಂಬರ್!”

ಹೌದು. ಕೊಟ್ರಸ್ವಾಮಿಯವರು ಹೊಸ ನಂಬರು ತೆಗೆದುಕೊಂಡಾಗ, ಹಳೆಯ ಸಿಮ್ಮನ್ನು ಒಂದು ಸಣ್ಣ ಫೋನಿಗೆ ಹಾಕಿ ಇಟ್ಟಿಗಿಯಲ್ಲಿದ್ದ ಮಾವ ದೊಡ್ಡಬೀರಪ್ಪನಿಗೆ ಮಹಾದಾನ ಮಾಡಿದ್ದರು. ಆಧಾರಿನಲ್ಲಿ ನಂಬರು ಬದಲಿಸಬೇಕೆಂಬುದು ಆ ದಾನದ ಭರದಲ್ಲಿ ಮರೆತೇಹೋಗಿತ್ತು.

ಇಷ್ಟೇ ಆಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಎರಡು ವರ್ಷದಿಂದ ಮಾವ ಅಳಿಯನ ನಡುವೆ ಮಾತೇ ಇರಲಿಲ್ಲ! ಕೊಟ್ರಸ್ವಾಮಿಯವರ ಗೃಹಪ್ರವೇಶಕ್ಕೆ ದೊಡ್ಡಬೀರಪ್ಪ ತನ್ನ ಹಟ್ಟಿಯ ಚೆಂದದ ಟಗರೊಂದನ್ನು ಉಡುಗೊರೆಯಾಗಿ ತಂದಿದ್ದ. ಆ ಟಗರು ಬಾಗಿಲ ತೋರಣವನ್ನು ತಿಂದು ಮುಗಿಸಿ, ಬಾಯಿ ರುಚಿಗೆಂದು ಪ್ರಿನ್ಸಿಪಾಲರಿಗೆ ತಂದಿಟ್ಟಿದ್ದ ಹಾರಕ್ಕೂ ಬಾಯಿ ಹಾಕಿತು. ಆಗ ಕೊಟ್ರಸ್ವಾಮಿಯವರು ಬಂಧುಬಳಗದ ಎದುರಿಗೇ, “ಕುರಿ ಕಾಯೋರಿಗೆ ಮನಿಯಾಗಿನ ರೀತಿ ರಿವಾಜು ಎಲ್ಲಿ ತಿಳೀಬೇಕು ಬಿಡ್ರಿ” ಎಂದುಬಿಟ್ಟಿದ್ದರು. ತಮ್ಮ ಸ್ವಂತ ಅಪ್ಪನೂ ಕುರಿ ಕಾಯ್ದವನೇ ಎಂಬುದು ಆ ಕ್ಷಣ ಇತಿಹಾಸದ ಉಪನ್ಯಾಸಕರಿಗೆ ನೆನಪಿರಲಿಲ್ಲ. ದೊಡ್ಡಬೀರಪ್ಪ ಉಣ್ಣದೆ, ಟಗರಿನ ಹಗ್ಗ ಹಿಡಿದು ಹೊರಟುಹೋಗಿದ್ದ.

“ನೀನ ಮಾಡು” ಎಂದು ಕೊಟ್ರಸ್ವಾಮಿಯವರು ಹೆಂಡತಿಗೆ ಫೋನು ದಾಟಿಸಿದರು. ಕೀರ್ತನಾ ಸ್ಪೀಕರ್ ಹಾಕಿ ನಂಬರು ಒತ್ತಿದಳು.

“ಅಪ್ಪಾ, ನಾನು ಕೀರ್ತಿ. ನಿನ್ನ ಫೋನಿಗೆ ಒಂದು ಮೆಸೇಜು ಬಂದೈತಿ ನೋಡು. ಅದರಾಗ ಆರು ಅಂಕಿ ಅದಾವು. ಓದಿ ಹೇಳು.”

“ಓಟಿಪಿ ಏನವ್ವಾ?”

ಕುರಿಹಟ್ಟಿಯಿಂದ ಓಟಿಪಿ ಎಂಬ ಪದ ಕೇಳಿ ಕೊಟ್ರಸ್ವಾಮಿಯವರು ಬೆಚ್ಚಿಬಿದ್ದರು.

“ಹೂಂ ಅಪ್ಪಾ, ಅದ. ಲಗೂನ ಹೇಳು.”

“ಹೇಳಂಗಿಲ್ಲ.”

“ಯಾಕಪ್ಪಾ?”

“ಫೋನ್ ಕೊಡುವಾಗ ನಮ್ಮ ಅಳಿಯ ಹೇಳ್ಯಾನ. ಓಟಿಪಿ ಯಾರ ಕೇಳಿದ್ರೂ ಹೇಳಬ್ಯಾಡ್ರಿ, ಮೈಲಾರಲಿಂಗ ಬಂದು ಕೇಳಿದ್ರೂ ಹೇಳಬ್ಯಾಡ್ರಿ, ಹೆತ್ತ ಮಗಳ ದನಿ ಮಾಡೋ ಕಳ್ಳರು ಅದಾರ ಅಂತ. ಭಾಳ ಓದ್ಯಾನ ನಮ್ಮ ಅಳಿಯ.”

ತಮ್ಮ ಪಾಠವನ್ನು ಇಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಂಡ ವಿದ್ಯಾರ್ಥಿಯನ್ನು ಕೊಟ್ರಸ್ವಾಮಿಯವರು ಸರ್ವೀಸಿನಲ್ಲೇ ಕಂಡಿರಲಿಲ್ಲ. ಬೇರೆ ಉಪಾಯ ಕಾಣದೆ ಗಂಟಲು ಸರಿಮಾಡಿಕೊಂಡು ಬಾಯಿಬಿಟ್ಟರು.

“ಮಾವ, ನಾನು ಸ್ವಾಮಿ.”

ಆ ಕಡೆ ಒಂದು ಕುರಿ ಬ್ಯಾ ಎಂದಿತು.

“ಯಾವ ಸ್ವಾಮಿ?”

“ಕೊಟ್ರಸ್ವಾಮಿ. ನಿಮ್ಮ ಅಳಿಯ.”

“ನಮ್ಮ ಅಳಿಯ ನನ್ನ ಕೂಡ ಮಾತಾಡಂಗಿಲ್ಲಪ. ನೀನು ಕಳ್ಳ ಅನ್ನೋದು ಗ್ಯಾರಂಟಿ ಆತು.”

“ಅಯ್ಯೋ ಮಾವ, ನಾನರೀ! ಟೈಮ್ ಮುಗೀತೈತಿ!”

“ಖರೇನ ಅಳಿಯ ಆಗಿದ್ರ ಒಂದು ಮಾತು ಹೇಳು. ಗೃಹಪ್ರವೇಶದ ದಿನ ನಮ್ಮ ಅಳಿಯ ನನಗ ಏನಂದ?”

ಬ್ಯಾಂಕಿನವರು ತಾಯಿಯ ಹೆಸರು ಕೇಳುತ್ತಾರೆ, ಹುಟ್ಟಿದ ಊರು ಕೇಳುತ್ತಾರೆ. ಇಂಥ ಭದ್ರತಾ ಪ್ರಶ್ನೆ ಮಾತ್ರ ಯಾವ ಬ್ಯಾಂಕಿಗೂ ಹೊಳೆದಿಲ್ಲ! ಕೊಟ್ರಸ್ವಾಮಿಯವರು ಹೆಂಡತಿಯ ಮುಖ ನೋಡಿದರು. ಅವಳು ಜೋಳದಲ್ಲಿ ಇಲ್ಲದ ಕಲ್ಲನ್ನು ಹುಡುಕುತ್ತಿದ್ದಳು. ಅವರು ಬಾಯೊಳಗೇ ಏನೋ ಗುನುಗಿದರು.

“ಜೋರಾಗಿ ಹೇಳು. ಇಲ್ಲಿ ಗಾಳಿ ಭಾಳ ಐತಿ.”

“ಕುರಿ ಕಾಯೋರಿಗೆ ಮನಿಯಾಗಿನ ರೀತಿ ರಿವಾಜು ಎಲ್ಲಿ ತಿಳೀಬೇಕು ಅಂದ!” ಎಂದು ಕೊಟ್ರಸ್ವಾಮಿಯವರು ಕೂಗಿದರು. ಪಕ್ಕದ ಮನೆಯ ಕಿಟಕಿ ತೆರೆಯಿತು.

“ಹೂಂ. ಮಾತು ಬರೋಬ್ಬರಿ ಐತಿ” ಎಂದ ದೊಡ್ಡಬೀರಪ್ಪ. “ಆದ್ರ ಅವತ್ತು ಅಲ್ಲಿ ಭಾಳ ಮಂದಿ ಇದ್ರು. ಅವರಾಗ ಯಾವನಾರ ಕಳ್ಳ ಇರಬಹುದಲ್ಲ?”

ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಮತ್ತೊಂದು ಕಳಿಸಿದರು, ಅದೂ ವಾದದಲ್ಲೇ ಸತ್ತಿತು. ಮೂರನೆಯದಕ್ಕೆ ಇಲಾಖೆಯೇ ಬೇಸತ್ತು, ಕೆಲವು ತಾಸು ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

“ಮುಖ ತೋರಿಸು. ಮುಖ ನೋಡಿದ್ರ ಹೇಳ್ತೀನಿ” ಎಂದು ದೊಡ್ಡಬೀರಪ್ಪ ಫೋನು ಇಟ್ಟ.

“ಏಳ್ರಿ, ಹೋಗೋಣು” ಎಂದಳು ಕೀರ್ತನಾ. ಆಗಲೇ ಸೀರೆ ಬದಲಿಸಿ ನಿಂತಿದ್ದಳು. “ನೀವು ನೀವ ಅಂತ ಸಾಕ್ಷಿ ಹೇಳಾಕ ಒಬ್ರು ಬೇಕಲ್ಲ.”

ಹೀಗೆ, ಮನೆಯಲ್ಲೇ ಕೂತು ಕೆಲಸ ಮುಗಿಸುವ ಆಧುನಿಕ ಸೌಲಭ್ಯವನ್ನು ಬಳಸಿಕೊಳ್ಳುವುದಕ್ಕಾಗಿ ಕೊಟ್ರಸ್ವಾಮಿಯವರು ಕೊಟ್ಟೂರಿನ ಬಸ್ಸು ಹತ್ತಿದರು. ಅಲ್ಲಿ ಇಳಿದು ಇಟ್ಟಿಗಿಯ ಬಸ್ಸಿಗೆ ಕಾದರು. ತೊಡೆಯ ಮೇಲೆ ಲ್ಯಾಪ್‌ಟಾಪು ಕೂಸಿನಂತೆ ಕುಲುಕುತ್ತಿತ್ತು. ದಾರಿಯುದ್ದಕ್ಕೂ ಅವರು ಮಾವನ ಮುಂದೆ ಆಡಬೇಕಾದ ಭಾಷಣ ಸಿದ್ಧಮಾಡಿದರು. ಅದಕ್ಕೆ ಪೀಠಿಕೆ ಇತ್ತು, ಸಂದರ್ಭದ ವಿವರಣೆ ಇತ್ತು, ಆ ದಿನದ ತಪ್ಪಿನಲ್ಲಿ ಟಗರಿನ ಪಾಲೆಷ್ಟು ಎಂಬ ನಿಷ್ಪಕ್ಷಪಾತ ವಿಶ್ಲೇಷಣೆಯೂ ಇತ್ತು!

ದೊಡ್ಡಬೀರಪ್ಪ ಊರ ಹೊರಗಿನ ಬೀಳು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ. ಹೆಗಲ ಮೇಲೆ ಕಂಬಳಿ. ಹತ್ತಿರ ಬಂದ ಅಳಿಯನನ್ನು ಮೇಲಿಂದ ಕೆಳಗಿನತನಕ ನೋಡಿ, ಮಗಳ ಕಡೆ ತಿರುಗಿದ.

“ಇವನ ಏನವ್ವಾ?”

“ಇವರ ಅಪ್ಪಾ.”

“ಸೊರಗ್ಯಾನ.”

ಆ ಒಂದು ಮಾತಿಗೆ ಕೊಟ್ರಸ್ವಾಮಿಯವರ ಭಾಷಣ ಪೀಠಿಕೆ ಸಮೇತ ಹಾರಿಹೋಯಿತು.

“ಮಾವ, ಅವತ್ತು ನಾನಂದದ್ದು ತಪ್ಪಾತು” ಎಂದಷ್ಟೇ ಅವರ ಬಾಯಿಂದ ಬಂತು.

“ಓಟಿಪಿ ಸಲುವಾಗಿ ಅಂತೀಯೋ, ಖರೇನ ಅಂತೀಯೋ?”

ಸುಳ್ಳು ಹೇಳಬಹುದಿತ್ತು. ಆದರೆ ಎದುರಿಗಿದ್ದ ಕಣ್ಣುಗಳು ಮಂದೆಯಲ್ಲಿ ಕುಂಟುವ ಕುರಿಯನ್ನು ದೂರದಿಂದಲೇ ಗುರುತಿಸುವ ಕಣ್ಣುಗಳು.

“ಓಟಿಪಿ ಸಲುವಾಗಿ ಬಂದೆ ಮಾವ. ಇಲ್ಲಿ ಬಂದು ನಿಮ್ಮ ಮುಂದ ನಿಂತ ಮ್ಯಾಲೆ ಖರೇನ ಅನ್ನಾಕತ್ತೀನಿ.”

ದೊಡ್ಡಬೀರಪ್ಪ ಹೆಗಲ ಕಂಬಳಿ ಇಳಿಸಿ ನೆಲಕ್ಕೆ ಹಾಸಿದ. ಆಮೇಲೆ ಬುತ್ತಿಗಂಟಿನ ಬಳಿ ಕೂತಿದ್ದ ಹೆಂಡತಿಯನ್ನು ಕೂಗಿದ. “ಏ ಮೈಲಮ್ಮಾ, ಅಳಿಯ ಬಂದಾನ. ರೊಟ್ಟಿ ತಗಿ.”

“ಮಾವ, ಇವತ್ತ ಕೊನೀ ದಿನ, ಮೊದಲು ಆ ಓಟಿಪಿ…”

“ಸರ್ಕಾರ ಎಲ್ಲಿ ಓಡಿಹೋಗತೈತಪ್ಪಾ?” ಎಂದಳು ಅತ್ತೆ ಮೈಲಮ್ಮ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕುತ್ತ. “ಅವತ್ತು ಇವರು ನಿಮ್ಮ ಮನ್ಯಾಗ ಉಣ್ಣದ ಬಂದ್ರು. ನೀವು ನಮ್ಮಲ್ಲಿ ಹಂಗ ಹೋಗಬಾರದು.” ಕೊಟ್ರಸ್ವಾಮಿಯವರು ತಲೆ ಬಗ್ಗಿಸಿ ಉಂಡರು. ಚಟ್ನಿ ಖಾರವೆಂದು ಅವರು ಕಣ್ಣು ಒರೆಸಿಕೊಂಡರು.

ಇನ್ನು ಲ್ಯಾಪ್‌ಟಾಪಿಗೆ ತಮ್ಮ ಫೋನಿನಿಂದ ಕೊಡಬೇಕಾದ ಇಂಟರ್ನೆಟ್ಟಿನ ಸಿಗ್ನಲ್ಲು. ಆ ಹೊಲದಲ್ಲಿ ಅದು ಸಿಗುತ್ತಿದ್ದದ್ದು ಒಂದೇ ಕಡೆ, ಕುರಿಗೊಬ್ಬರದ ತಿಪ್ಪೆಯ ನೆತ್ತಿಯ ಮೇಲೆ! ದೇಶದ ಭಾವೀ ತೆರಿಗೆದಾರರು ಕಂಬಳಿ ಹಾಸಿಕೊಂಡು ಆ ಸಿಂಹಾಸನವನ್ನೇರಿದರು. ಇಲಾಖೆಯ ಸಿಟ್ಟು ಆಗಲೇ ಇಳಿದಿತ್ತು. ಓಟಿಪಿ ಬಂತು. ದೊಡ್ಡಬೀರಪ್ಪ ಒಳಜೇಬಿನಿಂದ ಫೋನು ತೆಗೆದು, ಅಂಗೈಯನ್ನು ಅಡ್ಡ ಹಿಡಿದು, ಅತ್ತಿತ್ತ ನೋಡಿ, ಅಳಿಯನ ಕಿವಿಯಲ್ಲಿ ಒಂದೊಂದೇ ಅಂಕಿಯನ್ನು ಮಂತ್ರೋಪದೇಶದಂತೆ ಉಸುರಿದ.

“ಮೆಲ್ಲಕ ಯಾಕ ಮಾವ? ಇಲ್ಲಿ ಯಾರದಾರ?”

“ಕುರಿ ಅದಾವು. ಯಾವುದರ ಮನಸಿನ್ಯಾಗ ಏನೈತೋ!”

ಬಾಗಿಲು ತೆರೆಯಿತು! ಕೊಟ್ರಸ್ವಾಮಿಯವರು ಎದುರು ಬಂದ ಖಾನೆಗಳನ್ನೆಲ್ಲ ಪಟಪಟನೆ ತುಂಬಿದರು, ಕಂಡಕಂಡ ಕಡೆ ಒಪ್ಪಿಗೆ ಒತ್ತಿದರು. ಕೊನೆಗೆ ಇನ್ನೊಂದು ಓಟಿಪಿ ಬಂತು, ಅದನ್ನು ಮಾವ ಕೇಳುವ ಮೊದಲೇ ಹೇಳಿದ. ಚಕ್ರವೊಂದು ತಿರುಗಿ ತಿರುಗಿ ನಿಂತು ಹಸಿರು ಗುರುತು ಮೂಡಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ತಿಪ್ಪೆಯ ಮೇಲೆಯೇ ಎದ್ದುನಿಂತು ಕೊಟ್ರಸ್ವಾಮಿಯವರು ಎರಡೂ ಕೈ ಎತ್ತಿದರು.

“ಮುಗೀತೇನಪ? ಎಷ್ಟು ಕಟ್ಟಬೇಕಂತ?” ಎಂದು ಕೇಳಿದ ದೊಡ್ಡಬೀರಪ್ಪ.

ಅವಸರದಲ್ಲಿ ಅದೊಂದನ್ನು ನೋಡಿರಲಿಲ್ಲ. ಕೊಟ್ರಸ್ವಾಮಿಯವರು ಬಗ್ಗಿ ಪರದೆ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಎತ್ತಿದ ಕೈ ತಾನಾಗಿಯೇ ಕೆಳಗಿಳಿದಿತ್ತು.

“ಏನೂ ಇಲ್ಲಂತ ಮಾವ. ನನ್ನ ಸಂಬಳಕ್ಕ ವಿನಾಯಿತಿ ಎಲ್ಲಾ ಕಳದ್ರ ತೆರಿಗಿ… ಸೊನ್ನಿ.”

“ಅಂದ್ರ, ಈ ಮನಷ್ಯಾನ ಹತ್ರ ತಗೊಳ್ಳೋವಂಥದ್ದು ಏನೂ ಇಲ್ಲ ಅಂತ ಸರ್ಕಾರನ ಬರದು ಕೊಟ್ತು?”

“…ಹಂಗೂ ಅನ್ನಬಹುದು.”

ದೊಡ್ಡಬೀರಪ್ಪ ಫೋನನ್ನು ಜೋಪಾನವಾಗಿ ಒಳಜೇಬಿಗೆ ಸೇರಿಸಿ ಹೆಂಡತಿಯ ಕಡೆ ತಿರುಗಿದ.

“ಕೇಳಿದೇನ ಮೈಲಮ್ಮಾ? ಹುಡುಗನ್ನ ನೋಡಾಕ ಹೋದ ದಿನಾನ ನಾನು ನಿನಗ ಇದನ್ನ ಹೇಳಿದ್ದೆ. ಯಾವ ಓಟಿಪಿನೂ ಬೇಕಾಗಿದ್ದಿಲ್ಲ!”