ಚನ್ನಬಸವನ ಅರಬ್ ಅತಿಥಿ

ಬನವಾಸಿ ಕಡೆಯ ಚನ್ನಬಸವನಿಗೆ ಅರಬರ ವಿಷಯ ಗೊತ್ತಿದ್ದದ್ದೆಲ್ಲ ಮಗಳು ಸ್ಫೂರ್ತಿಯ ಕಾರ್ಟೂನಿನಿಂದ. ಮಧ್ಯಾಹ್ನ ಉಂಡು ಅಡ್ಡಾದಾಗ ಅರೆಗಣ್ಣಿನಲ್ಲಿ ಕಂಡಿದ್ದ: ತಲೆಗೆ ದೊಡ್ಡ ರುಮಾಲು, ಗಿಣಿಮೂಗು, ಹುರಿಮೀಸೆ, ಸೊಂಟದಲ್ಲಿ ಬಾಗಿದ ಕತ್ತಿ, ಕೆಲಸ ಕಳ್ಳತನ. ದುಬೈ ಸಾಹುಕಾರನೊಬ್ಬ ಇವತ್ತು ಅವನ ಅನಾನಸು ನೋಡಲು ಬರುತ್ತಾನೆಂದು ಶಿರಸಿಯ ದಲಾಲಿ ಅನಂತಮೂರ್ತಿ ಫೋನು ಮಾಡಿದಾಗ ಸಂತೋಷಕ್ಕೂ ಹೆದರಿಕೆಗೂ ಒಟ್ಟಿಗೇ ಬೆವರಿದ. ಸಾಹುಕಾರ ಒಪ್ಪಿದರೆ ಬೆಳೆಯೆಲ್ಲ ಹಡಗು ಹತ್ತುತ್ತದೆ. ಇಲ್ಲವಾದರೆ ಹೋದ ವರ್ಷದ ಹಾಗೆ ಹೊಲದಲ್ಲೇ ಕೊಳೆಯುತ್ತದೆ.

ಕರೆಯದಿದ್ದರೂ ಪಕ್ಕದ ಅನಾನಸು ಹೊಲದ ಶಾರದವ್ವ ಉಪದೇಶಕ್ಕೆ ಬಂದಳು. ಅವಳ ಮಾತಿನಂತೆ ಬೆಳ್ಳಿ ತಂಬಿಗೆ ಟ್ರಂಕು ಸೇರಿತು, ಹೆಂಡತಿಯ ಬೋರಮಾಳ ಸರ ಅಕ್ಕಿ ಡಬ್ಬಿಗಿಳಿಯಿತು.

"ದೊಡ್ಡ ಮಂದಿ ಬರ್ತಾರ. ಬರಿ ತಲಿಲೆ ನಿಂತರ ಮನಿ ಮರ್ಯಾದಿ ಏನ್ ಉಳೀತೈತಿ? ಅಪ್ಪನ ಜರಿ ರುಮಾಲು ಸುತ್ತಗೋ."

ಸುತ್ತಿಕೊಂಡ. ಮೀಸೆ ಹುರಿ ಮಾಡಿದ. ಹಣ್ಣು ಕೊಯ್ದು ಕೊಡಬೇಕಲ್ಲ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದ. ಕಟ್ಟೆಯ ಮೇಲೆ ಜಮಖಾನೆ ಹಾಸಿ ಕಾಯುತ್ತ ಕುಳಿತ.

ಮಾಗಿದ ಹಣ್ಣಿನ ವಾಸನೆ, ವರದಾ ಹೊಳೆಯ ತಂಗಾಳಿ. ಕಣ್ಣು ತಾನಾಗಿ ಮುಚ್ಚಿತು. ಜಮಖಾನೆ ಮೆಲ್ಲಗೆ ಮೇಲೆದ್ದು ಗುಡಿಯ ಶಿಖರ ದಾಟಿತು. ಹಿಂದೆ ಅವನ ಅನಾನಸುಗಳು ಹಸಿರು ಜುಟ್ಟು ಅಲ್ಲಾಡಿಸುತ್ತ ಬಾತುಕೋಳಿಗಳಂತೆ ಸಾಲಾಗಿ ಹಾರಿ ಬಂದವು. ಕೆಳಗೆ ಸಮುದ್ರ ಫಳಫಳ ಅನ್ನುತ್ತಿತ್ತು.

ಕಾರಿನ ಹಾರ್ನಿಗೆ ಧಡಕ್ಕನೆ ಎದ್ದ. ಅನಂತಮೂರ್ತಿಯ ಜೊತೆ ಪ್ಯಾಂಟು, ಚಸ್ಮದ ನುಣ್ಣನೆ ಮುಖದವನೊಬ್ಬ ಇಳಿದ. ಇವನು ಗುಮಾಸ್ತನಿರಬೇಕೆಂದು ಚನ್ನಬಸವ, ರುಮಾಲಿನವನನ್ನು ಹುಡುಕುತ್ತ ಕಾರಿನೊಳಗೆ ಇಣುಕಿದ. ಸ್ಫೂರ್ತಿಯ ವಯಸ್ಸಿನ ಹುಡುಗಿಯೊಬ್ಬಳು ಕುಳಿತಿದ್ದಳು. ಪಾಪ, ಕೂಸಿಗೆ ಹಣ್ಣು ಕೊಯ್ದು ಕೊಡೋಣವೆಂದು ಹಲ್ಲು ಕಿರಿದು ಕುಡುಗೋಲು ಹಿರಿದ. ಹುಡುಗಿ ಕಿಟಾರನೆ ಕಿರುಚಿ ಸೀಟಿನ ಕೆಳಗೆ ಸೇರಿದಳು.

"ಇವರೇ ಸಾಹುಕಾರರು ಮಾರಾಯಾ," ಎಂದ ಅನಂತಮೂರ್ತಿ, ಹಣೆ ಒರೆಸಿಕೊಳ್ಳುತ್ತ. "ಇವರ ಮಗು ಕಾರ್ಟೂನ್ ನೋಡ್ತದಂತೆ. ಅದರಲ್ಲಿ ಬರೋ ಕಳ್ಳ ನೀನೇ ಅಂತ ಹಟ ಹಿಡಿದಿದೆ. ಇಲ್ಲಿ ನಿಲ್ಲೋದೇ ಬೇಡ ಅಂತದೆ."

ಕಾರು ಮುಂದೆ ಹೋಗಿ ಶಾರದವ್ವನ ಹೊಲದ ಬಳಿ ನಿಂತಿತು. ತಲೆ ತುಂಬ ಸೆರಗು ಹೊದ್ದ ಅವಳನ್ನು ಕಂಡು, ತನ್ನಜ್ಜಿಯನ್ನೇ ಕಂಡಂತೆ ಮಗು ನಗುತ್ತ ಇಳಿಯಿತು. ಸಂಜೆಯೊಳಗೆ ಶಾರದವ್ವನ ಹಣ್ಣಿನ ವ್ಯಾಪಾರ ಕುದುರಿಯೇ ಹೋಯಿತು.

ರಾತ್ರಿ ಸ್ಫೂರ್ತಿ ಟಿವಿ ಹಚ್ಚಿದಳು. ರುಮಾಲಿನ ಕಳ್ಳ ಓಡುತ್ತಿದ್ದ, ಊರೆಲ್ಲ ಬೆನ್ನಟ್ಟಿತ್ತು. ಅಡ್ಡಾಗಿದ್ದ ಚನ್ನಬಸವ ಎದ್ದು ಕೂತು, ಮೊದಲ ಸಲ ಅವನನ್ನು ಕಣ್ಣು ತುಂಬ ನೋಡಿದ.

"ಪಾಪ," ಅಂದ, "ಅವನೂ ಏನೋ ಮಾರಾಕ ಬಂದಿದ್ದ ಕಾಣ್ತೈತಿ."