ಮೂರನೇ ದೋಸೆಯೂ ಏಳದಿದ್ದರೆ

ನಮ್ಮ ಬೀಗರಿಗೆ ತಲೆ ನೆಟ್ಟಗಿಲ್ಲ. ಅಳಿಯನ ಅಪ್ಪನ ಬಗ್ಗೆ ಹೀಗೆ ಬರೆಯಬಾರದು, ಗೊತ್ತು. ಆದರೆ ದೇವಸ್ಥಾನಕ್ಕೆ ಟೇಪು ತೆಗೆದುಕೊಂಡು ಹೋಗಿ ಪ್ರಸಾದದ ಲಾಡಿನ ಸುತ್ತಳತೆ ನೋಡಿದವರನ್ನು ಇನ್ನೇನು ಅನ್ನಲಿ? “ಬೀಗಿತ್ತಮ್ಮ, ಈ ಲಾಡು ಕಟ್ಟಿದೋರು ಇಬ್ರು. ಒಂದೇ ಕೈ ಅಲ್ಲ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಎದುರಿಗೆ ಮಂಗಳಾರತಿ ನಡೆಯುತ್ತಿತ್ತು!

ಅವರು ಮೈಸೂರಿನಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿಯವರ ತಕ್ಕಡಿ ಮುಟ್ಟಿ ನೋಡಿಯೇ ಆಯಸ್ಸು ಕಳೆದಿದ್ದಾರೆ. ಹೆಂಡತಿ ಹೋದ ಮೇಲೆ ಸಮುದ್ರದಾಚೆಯ ಈ ಲೋವರ್ ಹಟ್ ಊರಿಗೆ, ಮಗನ ಮನೆಗೆ ಬಂದರು. ನಾನು ಅವರಿಗಿಂತ ಮುಂಚೆ ಬಂದವಳು. ನನ್ನ ಮಗಳು ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವಳ ಕೂಸನ್ನು ನೋಡಿಕೊಳ್ಳಲು ಬಂದೆ, ಕೂಸಿಗೆ ಈಗ ಹದಿನಾಲ್ಕು. ಹೀಗೆ ಒಂದೇ ಸೂರಿನಡಿ ಬೀಗರು, ಬೀಗಿತ್ತಿ ಇಬ್ಬರೂ. ಒಂದು ಅಂಗಡಿಯಲ್ಲಿ ಎರಡು ತಕ್ಕಡಿ ಇದ್ದಂತೆ. ಯಾವುದು ಸರಿ ಎಂದು ಯಾರು ಹೇಳಬೇಕು?

ಮೂಲೆಯ ಸಣ್ಣ ಅಂಗಡಿಗೆ ಇಲ್ಲಿ ಡೈರಿ ಅನ್ನುತ್ತಾರೆ. ಬಂದ ವಾರವೇ ಬೀಗರು ಡೈರಿಯಲ್ಲಿ ಜೇಬಿನಿಂದ ಸ್ಪ್ರಿಂಗ್ ತಕ್ಕಡಿ ತೆಗೆದು ಬ್ರೆಡ್ಡು ತೂಗಿದರು. ತೂಕ ಜಾಸ್ತಿಯೇ ಇತ್ತು. ಅದನ್ನೂ ದೂರಾಗಿ ಹೇಳಿದರು. “ಹೆಚ್ಚಿದ್ರೂ ತಪ್ಪು ತಪ್ಪೇ!” ಡೈರಿಯವನು ಕೈಮುಗಿದು ಬಾಳೆಹಣ್ಣು ಕೊಟ್ಟು ಕಳಿಸಿದ.

ಇಂಥವರ ಕೈಗೆ ಒಂದು ಆಟ ಸಿಕ್ಕಿತು. ಮೊಮ್ಮಗಳು ನಿಧಿ ಹುಡುಗಿಯರ ಫುಟ್‌ಬಾಲ್ ತಂಡ ಸೇರಿದಳು. ಅಮೆರಿಕದವರ ಫುಟ್‌ಬಾಲು. ಹೆಸರಿಗೆ ಫುಟ್ಟು, ಕೆಲಸವೆಲ್ಲ ಕೈಗೆ. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ, ಎರಡು ತುದಿಯೂ ಚೂಪು. ಒಬ್ಬಳು ಎಸೆಯುತ್ತಾಳೆ, ಮುಂದೆ ಓಡಿದವಳು ಹಿಡಿಯಬೇಕು. ಹಿಡಿಯುವವಳು ರಿಸೀವರ್. ಅವಳ ಸೊಂಟದಲ್ಲಿ ತೂಗುವ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಓಟ ನಿಂತಿತು. ಇಷ್ಟೇ. ಬೀಗರು ಮೊದಲ ದಿನವೇ ಆ ಚೆಂಡನ್ನು ನನ್ನ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟರು. ಅದು ಉರುಳಿ ಸಾರಿನ ಪಾತ್ರೆಗೆ ಬಿತ್ತು. “ಗಾಳಿ ಕಮ್ಮಿ ಇದೆ,” ಎಂದರು. ಸಾರಿನ ಮಾತೇ ಇಲ್ಲ!

ರಿಸೀವರ್ ಆಗಲು ಮೂವರು ಕಾದಿದ್ದರು. ಒಬ್ಬಳು ಕೊಕ್ಕರೆಯಂಥ ಉದ್ದನೆಯ ಬಿಳಿ ಹುಡುಗಿ. ಒಬ್ಬಳು ಸಮೋವಾದವರ ಮಗಳು, ಅವಳ ಕೈ ಹಲಸಿನ ಮೇಣ, ಬಂದದ್ದು ಬಿಡುವುದಿಲ್ಲ. ಮೂರನೆಯವಳು ನಮ್ಮವಳು. ಕೋಚು ಇಬ್ಬರನ್ನು ಆಡಿಸುತ್ತಾನೆ, ಒಬ್ಬಳು ಹೊರಗೆ ಕೂರಬೇಕು. ನಿಧಿ ಇದುವರೆಗೆ ಏನನ್ನೂ ಬಾಯಿಬಿಟ್ಟು ಬೇಕು ಎಂದವಳಲ್ಲ. ಇದನ್ನು ಬೇಕು ಎಂದಳು. ಬೂಟು ತೊಳೆದು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು.

ನಿಜವಾದ ಪಂದ್ಯಗಳಿಗೆ ಮುಂಚೆ ಮೂರು ತಾಲೀಮು ಪಂದ್ಯ. ಅದಕ್ಕೆ ಪ್ರೀಸೀಸನ್ ಅನ್ನುತ್ತಾರೆ. ಮೊದಲನೆಯದು ಸೋತರು. ನಿಧಿ ಎರಡು ಸಲ ಚೆಂಡು ಕೈಬಿಟ್ಟಳು. ಊಟಕ್ಕೆ ಕೂತಾಗ ಅವಳು ತಲೆ ಎತ್ತಲಿಲ್ಲ.

“ಬೀಗಿತ್ತಮ್ಮ, ಮೊದಲ್ನೇ ದೋಸೆ ಯಾವತ್ತಾದ್ರೂ ನೆಟ್ಟಗೆ ಎದ್ದಿದ್ಯಾ?” ಎಂದು ಬೀಗರು ಕೇಳಿದರು. “ಅದು ಕಾವಲಿ ಪಾಲು. ಲೆಕ್ಕಕ್ಕಿಲ್ಲ.”

“ಎರಡನೇದು ಹುಯ್ದು ನೋಡಾಣ,” ಎಂದೆ.

ಎರಡನೆಯದೂ ಸೋತರು. “ಉರಿ ಜಾಸ್ತಿ ಇದ್ರೆ ಎರಡನೇದೂ ಹತ್ಕೊಳುತ್ತೆ,” ಎಂದರು ಬೀಗರು.

“ಮೂರನೇದೂ ಏಳದಿದ್ರೆ ಹಿಟ್ಟೇ ಕೆಟ್ಟಿದೆ ಅಂತ ತಿಳ್ಕಳಿ!”

ನಿಧಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಥ್ಯಾಂಕ್ಸ್, ಅಜ್ಜಿ,” ಎಂದು ತಟ್ಟೆ ಬಿಟ್ಟು ಎದ್ದಳು. ನನ್ನ ಬಾಯಿ ಹಾಗೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಮೂರನೆಯ ಪಂದ್ಯಕ್ಕೆ ನಾನೂ ಹೋದೆ. ನದಿಯ ಪಕ್ಕದ ಮೈದಾನ. ಇಲ್ಲಿ ದಕ್ಷಿಣದಿಂದ ಬೀಸುವ ಗಾಳಿ ಎಂದರೆ ಮೂಳೆಗೆ ಇಳಿಯುವ ಗಾಳಿ. ನಿಧಿ ಎಲ್ಲರಿಗಿಂತ ಮುಂದೆ ಓಡಿದಳು, ಚೆಂಡು ಹುಡುಕಿಕೊಂಡು ಬಂದಂತೆ ಅವಳಿಗೇ ಬಂತು, ಬಿದ್ದುಹೋಯಿತು. ಮೂರನೆಯದೂ ಸೋತರು. ಆಟ ಮುಗಿದ ಮೇಲೆ ಕೋಚು ಸಾಮಾನನ್ನು ಯೂಟ್ ಎನ್ನುವ ತೆರೆದ ಬೆನ್ನಿನ ಗಾಡಿಯ ಹಿಂದೆ ತುಂಬುತ್ತಿದ್ದ. ಬೀಗರು ಟೇಪು ಹಿಡಿದು ಹೋಗಿ, ಚೆಂಡು ಅಳೆಯಬಹುದೇ ಎಂದು ಕೇಳಿದರು.

“ಚೆಂಡು ಸರಿಯಾಗಿದೆ, ಮೇಟ್,” ಎಂದ ಅವನು. “ಬುಧವಾರ ಹೆಸರು ಹೇಳುತ್ತೇನೆ.”

ಮರುದಿನ ಬೆಳಗ್ಗೆ ಬೀಗರು ಹಿತ್ತಲಿನ ಹಲಗೆ ಬೇಲಿಗೆ ಬೆನ್ನು ಕೊಟ್ಟು ನಿಧಿಯನ್ನು ನಿಲ್ಲಿಸಿದರು. ಚೆಂಡು ಪಕ್ಕದ ಮನೆಯ ನಾಯಿಯ ಪಾಲಾಗಿತ್ತು, ಆದ್ದರಿಂದ ನನ್ನ ಆಲೂಗಡ್ಡೆ! ಒಂದೊಂದೇ ತೂಗಿ ಎಸೆದರು. ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ಬೇಲಿಯ ಮೇಲೆ ಸೀಮೆಸುಣ್ಣದ ಗುರುತು. ಒಂದು ಆಲೂಗಡ್ಡೆ ದಾರಿ ತಪ್ಪಿ, ಬಟ್ಟೆ ಒಣಹಾಕುತ್ತಿದ್ದ ನನ್ನ ಮುಖಕ್ಕೇ ಬಂತು. ಹಿಡಿದುಕೊಂಡೆ. ಬೀಗರು ನನ್ನ ಕೈಯನ್ನೇ ನೋಡಿದರು. “ಪಲ್ಯಕ್ಕೆ ಇರ್ಲಿ,” ಎಂದು ಸೆರಗಿನೊಳಗೆ ಹಾಕಿಕೊಂಡೆ. ಅವರು ಮುಂದಿನದನ್ನು ತೂಗದೆಯೇ ಎಸೆದರು.

ಬೇಲಿಯ ಗುರುತು ನೋಡಿದರೆ ವಿಚಿತ್ರ. ಬಲಕ್ಕೆ ಬಂದದ್ದನ್ನೆಲ್ಲ ಹಿಡಿದಿದ್ದಾಳೆ, ಎಡಕ್ಕೆ ಬಂದದ್ದನ್ನೆಲ್ಲ ಬಿಟ್ಟಿದ್ದಾಳೆ. ಬೀಗರು ಅವಳ ಎರಡು ತೋಳನ್ನೂ ಟೇಪಿನಲ್ಲಿ ಅಳೆದರು. ಸಮ. ಒಂದೊಂದು ಕಣ್ಣು ಮುಚ್ಚಿಸಿ ದೂರದಿಂದ ಸೋಪಿನ ಪುಡಿಯ ಡಬ್ಬ ಓದಿಸಿದರು. ತಪ್ಪಿಲ್ಲದೆ ಓದಿದಳು. “ತಾತಾ, ಸ್ಟಾಪ್!” ಎಂದು ಮಗು ಅಳುವ ಹಾಗಾಯಿತು.

ನಾನು ಒಳಗಿನಿಂದ ಚಕ್ಕುಲಿ ತಂದು ಅವಳಿಗೆ ಕೊಡಲು ಹೋದೆ. ಅವಳ ಬಲಗೈಯಲ್ಲಿ ಫೋನು ಇತ್ತು. ಎಡಗೈ ಮುಂದೆ ಬಂತು. ಬಿಸಿ ತಾಕಿದಂತೆ ಹಿಂದೆ ಹೋಯಿತು. ಫೋನನ್ನು ಕಂಕುಳಲ್ಲಿ ಸಿಕ್ಕಿಸಿ ಬಲಗೈ ಚಾಚಿದಳು.

ಬೀಗರು ಟೇಪನ್ನು ಸುತ್ತಿ ಜೇಬಿಗೆ ಹಾಕಿದರು. “ಬೀಗಿತ್ತಮ್ಮ, ಎಡಗೈಲಿ ಈಸ್ಕೋಬಾರ್ದು ಅಂತ ಇವ್ಳಿಗೆ ಹೇಳ್ಕೊಟ್ಟೋರು ಯಾರು?”

“ನಾನೇ. ಇನ್ಯಾರು? ಕೊಟ್ಟೋರಿಗೆ ಮರ್ಯಾದೆ ಬ್ಯಾಡ್ವಾ?”

“ಚೆಂಡಿಗೆ ಯಾಕ್ರೀ ಮರ್ಯಾದೆ!”

ನಿಧಿ ಎರಡು ವರ್ಷದವಳಿದ್ದಾಗ ಎಲ್ಲಕ್ಕೂ ಎಡಗೈ ಮುಂದೆ ಮಾಡುತ್ತಿದ್ದಳು. ಪ್ರತಿ ಸಲವೂ ಸೌಟಿನ ಹಿಡಿಯಿಂದ ತಟ್ಟಿದೆ. ಜೋರಾಗಿ ಅಲ್ಲ, ಮರೆಯದಷ್ಟು. ನನಗೆ ಮಾಡಿದ್ದನ್ನೇ ನಾನು ಮಾಡಿದೆ. ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ನಮ್ಮೂರಿನ ಮೇಷ್ಟ್ರು ನನ್ನ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಬಲಗೈಗೆ ಅಕ್ಷರ ಬರಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಮ್ಮೆ ಕಾಯಲು ಹೋದೆ. ಈಗ ಬರೆಯುವ ಈ ಸೊಟ್ಟ ಅಕ್ಷರ, ಮಗಳು ಸ್ಕೂಲಿಗೆ ಹೋಗುವಾಗ ಅವಳ ಪಕ್ಕ ಕೂತು ಕಲಿತದ್ದು. ಎಡಗೈಯ ಮಾತನ್ನು ಯಾರಿಗೂ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ.

ಬುಧವಾರ ಕೋಚು ಹೆಸರು ಹೇಳಿದ. ಕೊಕ್ಕರೆ, ಹಲಸಿನ ಮೇಣ. ನಮ್ಮವಳು ಹೊರಗೆ.

ಪ್ರೀಸೀಸನ್ ಲೆಕ್ಕಕ್ಕಿದೆ ಎಂದಾಯಿತು. ನನ್ನ ಮಾತೇ ಗೆದ್ದಿತು. ಗೆದ್ದು ಏನು ಮಾಡಲಿ? ಹಿಟ್ಟು ಕೆಡಿಸಿದವಳೂ ನಾನೇ.

ಮರುದಿನ ಬೆಳಗ್ಗೆ ದೋಸೆ ಸುತ್ತಿ ಅವಳ ಎಡಗಡೆಗೆ ಹಿಡಿದೆ. ಅವಳು ಬಲಗೈ ಚಾಚಿದಳು. ಕೊಡಲಿಲ್ಲ.

“ಅಜ್ಜಿ, ವಾಟ್?”

“ಎಡಗೈ ಕೊಡು.”

“ಯೂ ಸೆಡ್ ಇಟ್ಸ್ ರೂಡ್.”

“ನಾನು ಹೇಳಿದ್ದು ತಪ್ಪು. ಈಸ್ಕೊ. ಆರೋಗುತ್ತೆ.”

ಅವಳು ನನ್ನ ಇನ್ನೊಂದು ಕೈಯಲ್ಲಿದ್ದ ಸೌಟನ್ನು ನೋಡಿದಳು. ಸೌಟನ್ನು ಕೆಳಗಿಟ್ಟೆ. ಆಮೇಲೆ ಈಸಿಕೊಂಡಳು. ಅವತ್ತಿನಿಂದ ನೀರು, ಹಣ್ಣು, ಕುಂಕುಮದ ಭರಣಿ, ಎಲ್ಲ ಅವಳ ಎಡಗೈಗೇ. ಮಗಳು “ಏನಮ್ಮ ಇದು!” ಎಂದಳು. ನಿನ್ನ ಕೆಲಸ ನೋಡು ಎಂದೆ.

ಎರಡು ವಾರದ ಮೇಲೆ ಮೊದಲ ನಿಜವಾದ ಪಂದ್ಯ. ಕೊನೆಯ ಹೊತ್ತಿಗೆ ಕೊಕ್ಕರೆಯ ಕಾಲು ಉಳುಕಿತು, ನಿಧಿಯನ್ನು ಒಳಗೆ ಕಳಿಸಿದರು. ಚೆಂಡು ಎಡಕ್ಕೇ ಬಂತು. ಎಡಗೈ ಮುಂದೆ ಹೋಯಿತು, ಹಿಂದೆ ಬರಲಿಲ್ಲ. ಚೆಂಡನ್ನು ಎದೆಗೆ ಒತ್ತಿಕೊಂಡು ಮಗು ಓಡಿತು. ಯಾರೋ ಪಟ್ಟಿ ಕಿತ್ತರು. ತಂಡ ಅವತ್ತೂ ಸೋತಿತು. ಕೋಚು ಬಂದು, ಮುಂದಿನ ವಾರ ಮೊದಲಿನಿಂದಲೇ ನೀನು ಆಡು ಎಂದು ಅವಳಿಗೆ ಹೇಳಿದ.

“ಮೊದಲ್ನೇ ಪಂದ್ಯ ಅಲ್ವಾ, ದೋಸೆ ಥರ...” ಎಂದು ಬೀಗರು ಶುರು ಮಾಡಿದರು.

“ಬಾಯ್ಮುಚ್ಕೊಂಡು ಡಬ್ಬಿ ತೆಗೀರಿ, ಬೀಗರೇ.”

ಅವರು ಚಕ್ಕುಲಿಯ ಡಬ್ಬಿ ತೆಗೆದು ನನ್ನ ಕಡೆ ಹಿಡಿದರು. ನಾನು ಕೈ ಚಾಚಿದೆ. ಡಬ್ಬಿ ಹಿಂದಕ್ಕೆ ಹೋಯಿತು.

“ಆ ಕೈ ಅಲ್ಲ, ಬೀಗಿತ್ತಮ್ಮ,” ಎಂದರು, ಮೈದಾನದ ಕಡೆಗೇ ನೋಡುತ್ತ. “ಅವತ್ತು ಆಲೂಗಡ್ಡೆ ಹಿಡೀತಲ್ಲ, ಆ ಕೈ.”

ದಕ್ಷಿಣದ ಗಾಳಿ ಬೀಸುತ್ತಿತ್ತು. ಸೆರಗಿನೊಳಗಿಂದ ಎಡಗೈ ತೆಗೆದು ಚಾಚಿದೆ. ಬೀಗರು ಅಳೆಯಲಿಲ್ಲ, ತೂಗಲಿಲ್ಲ. ಎರಡು ಚಕ್ಕುಲಿ ಇಟ್ಟರು.