ನಾನು ಹಿಡಿದುಕೊಟ್ಟ ಕೊಲೆಗಾರ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಬೇರೆಯವರ ತಪ್ಪು ಹುಡುಕುವುದರಲ್ಲಿ ನನಗೆ ಡಾಕ್ಟರೇಟೇ ಸಲ್ಲಬೇಕು ಎಂದು ಕಳೆದ ತಿಂಗಳವರೆಗೂ ನಂಬಿದ್ದೆ.

ತುಮಕೂರಿನ ನನ್ನ ಗೆಳೆಯ ರುದ್ರಯ್ಯ ಮೇಷ್ಟ್ರು ಇಪ್ಪತ್ತು ವರ್ಷ ಕೂತು ಒಂದು ಕೈಪಿಡಿ ಬರೆದರು. ಪತ್ತೇದಾರ ನೀಲಕಂಠನ ಕಾದಂಬರಿಗಳಿಂದ ಬಂದ ಸಿನಿಮಾ, ಧಾರಾವಾಹಿ ಯಾವುವು, ನೀಲಕಂಠನ ಪಾತ್ರ ಮಾಡಿದವರು ಯಾರು, ಕೊನೆಗೆ ಸಿಕ್ಕಿಬಿದ್ದ ಕೊಲೆಗಾರ ಯಾರು, ಎಲ್ಲವೂ ಅದರಲ್ಲಿ. ಅಚ್ಚಿಗೆ ಹೋಗುವ ಹೊತ್ತಿಗೆ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಕರಡು ಗುಬ್ಬಿಯ ನಮ್ಮ ಮನೆಗೆ ಬಂತು.

"ಕಾಗುಣಿತ ಮಾತ್ರ ನೋಡಯ್ಯ. ಸೀದಾ ಪ್ರೆಸ್ಸಿಗೆ ಕೊಟ್ಬುಡು," ಅಂದರು ಫೋನಿನಲ್ಲಿ.

ನೋಡಿದೆ. ‘ಕೆಂಪು ಕೊಡೆ’ ಚಿತ್ರದ ಪುಟಕ್ಕೆ ಬಂದಾಗ ಮೈ ಉರಿಯಿತು. ಕೊಲೆಗಾರ ಭಾವಮೈದುನನಂತೆ! ಹುಡುಗನಾಗಿದ್ದಾಗ ಗುಬ್ಬಿಯ ಟೆಂಟ್ ಸಿನಿಮಾದಲ್ಲಿ, ಮರಳಿನ ಮೇಲೆ ಕೂತು, ಈ ಎರಡು ಕಣ್ಣಿಂದ ನೋಡಿದ್ದೇನೆ. ಕೊಲೆಗಾರ ಡಾಕ್ಟರು!

"ನೋಡೇ ಗಂಗಾ, ಮೇಷ್ಟ್ರು ನಿರಪರಾಧಿನ ನೇಣಿಗೆ ಹಾಕವ್ರೆ!"

ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಲೇ ಕೇಳಿದಳು: "ಆ ಡಾಕ್ಟ್ರು ಮೊದಲಿಂದ್ಲೂ ಇದ್ನೇನ್ರೀ?"

"ಇಲ್ಲ ಕಣೇ. ಕೊನೇಲಿ ಒಂದೇ ಸಲ ಬರ್ತಾನೆ. ಅದೇ ಡೈರೆಕ್ಟರ್ ಜಾಣತನ!"

"ಯಾವ್ದುಕ್ಕೂ ಮೇಷ್ಟ್ರನ್ನ ಒಂದ್ ಮಾತು ಕೇಳಿ."

"ಕಣ್ಣಿಗೆ ಪಟ್ಟಿ ಕಟ್ಕೊಂಡವ್ರೆ. ಅವ್ರಿಗೇನ್ ಕಾಣುತ್ತೆ?"

ಕೆಂಪು ಪೆನ್ನು ತೆಗೆದೆ. ಭಾವಮೈದುನನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದೆ. ಡಾಕ್ಟರನ್ನು ಬಂಧಿಸಿದೆ. ಪ್ರೆಸ್ಸಿಗೆ ಕೊಟ್ಟೆ.

ಅಷ್ಟಕ್ಕೆ ಸುಮ್ಮನಿದ್ದೆನೇ? ಪುಸ್ತಕ ಬಿಡುಗಡೆಯ ದಿನ ತಕರಾರು ಬಂದರೆ ಇರಲಿ ಎಂದು ಕುಣಿಗಲ್‌ಗೆ ಹೋಗಿ, ಆ ಕಾಲದ ಟೆಂಟ್ ಆಪರೇಟರ್ ನಂಜಪ್ಪನನ್ನು ಕರೆತಂದೆ. ಸಾಕ್ಷಿ!

ವೇದಿಕೆಯ ಮೇಲೆ ಮೇಷ್ಟ್ರು ಕಪ್ಪು ಕನ್ನಡಕದಲ್ಲಿ ತಮ್ಮ ಮೆಚ್ಚಿನ ‘ಕೆಂಪು ಕೊಡೆ’ಯ ಪುಟವನ್ನೇ ಓದತೊಡಗಿದರು. ಅರ್ಧಕ್ಕೆ ನಿಂತರು.

"ಇದು ನಾನ್ ಬರ್ದಿದ್ದಲ್ಲ."

ನಾನು ಎದ್ದು ನಿಂತೆ. "ತಿದ್ದಿದ್ದು ನಾನು! ನಂಜಪ್ಪ, ಹೇಳಪ್ಪ ಸಭೆಗೆ. ಕೊಲೆಗಾರ ಯಾರು?"

"ಡಾಕ್ಟ್ರೇ ಸ್ವಾಮಿ."

ನನ್ನ ಎದೆ ಉಬ್ಬಿತು.

"ಆದ್ರೆ ಅದು ‘ಕೆಂಪು ಕೊಡೆ’ ಅಲ್ಲ," ಎಂದ ನಂಜಪ್ಪ. "ಗುಬ್ಬಿಗೂ ಸಿ.ಎಸ್. ಪುರಕ್ಕೂ ಒಂದೇ ಪ್ರಿಂಟು. ಅಲ್ಲಿ ಮುಗಿದ ರೀಲು ಬಸ್ಸಲ್ಲಿ ಇಲ್ಲಿಗೆ ಬರ್ಬೇಕು. ಆವತ್ತು ಬಸ್ಸು ಕೆಟ್ಟೋಯ್ತು. ಜನ ಪರದೆ ಹರಿಯಕ್ಕೆ ಎದ್ರು. ಹಿಂದಿನ ವಾರದ ಸಿನಿಮಾದ ಕೊನೇ ರೀಲು ಡಬ್ಬದಲ್ಲೇ ಇತ್ತು. ಹೀರೋನೂ ಅವನೇ. ಹಾಕ್ಬುಟ್ಟೆ. ಒಬ್ರೂ ಕೇಳ್ಲಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇಪ್ಪತ್ತು ವರ್ಷ ಕಣಯ್ಯ," ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಮಾರನೇ ದಿನದಿಂದ ಅವರ ಮನೆಯ ಪಡಸಾಲೆಯಲ್ಲಿ ಕೂತು ಒಂದೊಂದೇ ಪ್ರತಿ ತಿದ್ದುತ್ತಿದ್ದೇನೆ. ಡಾಕ್ಟರ ಬಿಡುಗಡೆ, ಭಾವಮೈದುನನ ಮರುಬಂಧನ. ಮೇಷ್ಟ್ರು ಕಾಫಿ ಕೊಡುತ್ತಾರೆ, ಮಾತಾಡಿಸುವುದಿಲ್ಲ.

ನಿನ್ನೆ ಗಂಗಾ ಬಂದಳು. ಒಂದು ಪ್ರತಿ ತೆಗೆದು ಕೃತಜ್ಞತೆಯ ಪುಟ ಗಟ್ಟಿಯಾಗಿ ಓದಿದಳು: "‘ಕರಡನ್ನು ಒಂದು ತಪ್ಪೂ ಉಳಿಯದಂತೆ ನೋಡಿಕೊಟ್ಟ ಗೆಳೆಯ ಶಿವಣ್ಣನಿಗೆ ನಾನು ಋಣಿ.’ ರೀ, ಇಲ್ಲೊಂದು ತಪ್ಪು ಉಳ್ಕೊಂಡದೆ."

ಮೇಷ್ಟ್ರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾನು ಪೆನ್ನು ತೆಗೆದುಕೊಂಡೆ. ಮೊದಲ ಪ್ರತಿಯಿಂದ ಮತ್ತೆ ಶುರು!